ರೋಬೋಟ್ ಹೇಳಿತೆಂದು ಒಪ್ಪುವ ಅಭ್ಯಾಸ ಮಕ್ಕಳಿಗೆ ಆಗದಿರಲಿ

ಸಂಪಾದಕರಿಗೆ,

ಮಾನ್ಯರೇ,

ಶಾಲೆ, ಆಸ್ಪತ್ರೆ, ಬ್ಯಾಂಕುಗಳಿಗೆ ಮಾತನಾಡುವ ರೋಬೋಟ್ ಬಂದ ಸುದ್ದಿ ಪ್ರಕಟವಾದಾಗಲೆಲ್ಲ ಚರ್ಚೆ ಎರಡು ಪ್ರಶ್ನೆಗಳ ಸುತ್ತಲೇ ನಿಂತುಬಿಡುತ್ತದೆ: ಅದರಿಂದ ಎಷ್ಟು ಜನರ ಕೆಲಸ ಹೋದೀತು, ಅದು ತಪ್ಪು ಮಾಡಿದರೆ ಹೊಣೆ ಯಾರದು. ಇವು ಸಣ್ಣ ಪ್ರಶ್ನೆಗಳಲ್ಲ. ಆದರೆ ಎದುರಿಗೆ ನಿಂತು, ನಮ್ಮ ಹೆಸರು ಹಿಡಿದು ಮಾತನಾಡಿಸುವ ಯಂತ್ರ ತಪ್ಪು ಹೇಳುತ್ತಿದೆ ಎಂದು ಕಣ್ಣಿಗೆ ಕಂಡರೂ ನಾವು ಅದರ ಮಾತನ್ನು ಏಕೆ ಕೇಳುತ್ತೇವೆ ಎಂಬುದನ್ನು ಇವುಗಳಿಗಿಂತ ಮೊದಲು ಯೋಚಿಸಬೇಕಾಗಿದೆ. ಬೆಂಗಳೂರಿನಲ್ಲಿ ತಯಾರಾದ ‘ಮಿತ್ರ’ ರೋಬೋಟ್ 2017ರಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಸಮಾವೇಶದಲ್ಲಿ ಪ್ರಧಾನಿಯವರನ್ನು ಸ್ವಾಗತಿಸಿದಾಗ ಅದು ಪ್ರದರ್ಶನದ ವಸ್ತುವಾಗಿತ್ತು. 2024ರಲ್ಲಿ ತಿರುವನಂತಪುರ ಜಿಲ್ಲೆಯ ಶಾಲೆಯೊಂದರಲ್ಲಿ ಸೀರೆ ಉಟ್ಟ ‘ಐರಿಸ್’ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸತೊಡಗಿತು. ಮಾಕುಟ್ಟದ ಕೇರಳ ಗಡಿ ದಾಟಿ ಇಂಥದ್ದು ಕೊಡಗಿನ ತರಗತಿಗೂ ಬರಲು ಹೆಚ್ಚು ಕಾಲ ಬೇಕಾಗದು.

ಮಕ್ಕಳ ವಿಷಯದಲ್ಲಿ ನನ್ನ ಆತಂಕಕ್ಕೆ ಕಾರಣ 2018ರಲ್ಲಿ ‘ಸೈನ್ಸ್ ರೋಬೋಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ. ಒಂದು ಗೆರೆಯನ್ನು ತೋರಿಸಿ, ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದೆಂದು ಕೇಳುವ ಸರಳ ಪರೀಕ್ಷೆಯದು. ಸುತ್ತ ಕುಳಿತವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ ಮನುಷ್ಯ ತನ್ನ ಕಣ್ಣನ್ನೇ ಅನುಮಾನಿಸುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಇದೇ ಬಗೆಯಲ್ಲಿ ತೋರಿಸಿದ್ದರು. ಇಲ್ಲಿ ಮನುಷ್ಯರ ಬದಲು ಮೂರು ಪುಟ್ಟ ರೋಬೋಟ್‌ಗಳನ್ನು ಕೂರಿಸಲಾಯಿತು. ವಯಸ್ಕರು ಅವುಗಳಿಗೆ ಮಣಿಯಲಿಲ್ಲ. ಏಳರಿಂದ ಒಂಬತ್ತು ವರ್ಷದ ಮಕ್ಕಳ ಕಥೆ ಬೇರೆಯಾಯಿತು: ಒಂಟಿಯಾಗಿ ಉತ್ತರಿಸುವಾಗ ಶೇ 87ರಷ್ಟಿದ್ದ ಸರಿಯುತ್ತರ ರೋಬೋಟ್‌ಗಳ ನಡುವೆ ಶೇ 75ಕ್ಕೆ ಇಳಿಯಿತು, ಮತ್ತು ಅವರ ತಪ್ಪುತ್ತರಗಳಲ್ಲಿ ಶೇ 74ರಷ್ಟು ರೋಬೋಟ್‌ಗಳು ಹೇಳಿದ ಉತ್ತರವೇ ಆಗಿತ್ತು. ಮೇಷ್ಟರು ತಪ್ಪು ಹೇಳಿದರೆ ಹಿಂದಿನ ಬೆಂಚಿನಿಂದಾದರೂ ಒಂದು ಕೈ ಮೇಲೇಳುತ್ತದೆ ಎಂಬುದು ತರಗತಿಯಲ್ಲಿ ವಿಜ್ಞಾನ ಕಲಿಸಿದ ನನ್ನಂಥವರಿಗೆ ಗೊತ್ತು. ಆ ಕೈ ಯಂತ್ರದ ಮುಂದೆ ಏಳದೆ ಹೋದರೆ ಗಣಿತ, ವಿಜ್ಞಾನಗಳನ್ನು ಎಷ್ಟು ಚೆನ್ನಾಗಿ ಕಲಿಸಿದರೂ ಪ್ರಯೋಜನವಿಲ್ಲ.

ಹಾಗೆಂದು ವಯಸ್ಕರು ಬುದ್ಧಿವಂತರೆಂದು ಬೀಗುವ ಹಾಗಿಲ್ಲ. 2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ಸ್ವಯಂಸೇವಕರನ್ನು ಒಬ್ಬೊಬ್ಬರಾಗಿ ರೋಬೋಟ್‌ನ ಹಿಂದೆ ಒಂದು ಕೋಣೆಗೆ ಕಳುಹಿಸಿದರು. ಅರ್ಧದಷ್ಟು ಜನರ ಎದುರಿಗೇ ಆ ರೋಬೋಟ್ ದಾರಿಯಲ್ಲಿ ಎಡವಟ್ಟು ಮಾಡಿತ್ತು. ಬಳಿಕ ಕೃತಕ ಹೊಗೆ ಬಿಟ್ಟು ಬೆಂಕಿಯ ಎಚ್ಚರಿಕೆಯ ಗಂಟೆ ಬಾರಿಸಿದಾಗ, ತಾವು ಒಳಬಂದ ಬಾಗಿಲು ಗೊತ್ತಿದ್ದರೂ, ತುರ್ತು ಸನ್ನಿವೇಶದಲ್ಲಿದ್ದ 26 ಮಂದಿಯೂ ಅದೇ ರೋಬೋಟ್ ತೋರಿಸಿದ ದಿಕ್ಕಿಗೆ ನಡೆದರು. ಗೆರೆ ಅಳೆಯುವಾಗ ಮಣಿಯದ ಮನಸ್ಸು ಭಯದ ಗಳಿಗೆಯಲ್ಲಿ ಯಾರಾದರೂ ದಾರಿ ತೋರಿಸಲಿ ಎಂದು ಹಾತೊರೆಯುತ್ತದೆ ಎಂದು ಇದರಿಂದ ನಾನು ಅರ್ಥ ಮಾಡಿಕೊಂಡಿದ್ದೇನೆ.

ಕೊಡಗಿನವರಾದ ನಾವು ಇದನ್ನು ದೂರದೂರಿನ ಪ್ರಯೋಗವೆಂದು ಬದಿಗಿಡಲಾರೆವು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ, ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಜರಿದಾಗ ಮನೆ ಬಿಡಬೇಕೇ, ಬಿಟ್ಟರೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಜೀವದ ಪ್ರಶ್ನೆಯಾಗಿತ್ತು. ಯಾವ ತೋಡು ಉಕ್ಕುತ್ತದೆ, ಯಾವ ಗುಡ್ಡದ ಬರೆ ಕುಸಿಯುತ್ತದೆ ಎಂಬ ಅರಿವು ಊರಿನ ಹಿರಿಯರಲ್ಲಿ ಇರುತ್ತದೆ. ಅವರ ಅಂದಾಜೂ ತಪ್ಪಬಹುದು, ಆದರೆ ಅವರೊಡನೆ ವಾದ ಮಾಡಬಹುದು. ಮುಂದೆ ಎಚ್ಚರಿಕೆ ಕೊಡುವ ಕೆಲಸ ಮಾತನಾಡುವ ಯಂತ್ರಗಳಿಗೆ ಬಂದರೆ, ಅವುಗಳ ಲೆಕ್ಕಾಚಾರ ಎಷ್ಟು ನಿಖರ ಎಂಬುದರ ಜತೆಗೆ, ಅವು ತಪ್ಪಿದಾಗ ಜನ ನಿಂತು ಪ್ರಶ್ನಿಸುತ್ತಾರೆಯೇ ಎಂಬುದನ್ನೂ ಪರೀಕ್ಷಿಸಲೇಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ಊರಿನಲ್ಲಿ ರೋಬೋಟ್ ತಾನೇ ಸುಮ್ಮನಾಗುತ್ತದೆ ಎಂದು ಕೆಲವರು ನಗಬಹುದು. ಆ ಮಾತಿನಲ್ಲೂ ಸತ್ಯವಿದೆ.

ವೃದ್ಧರ ವಿಷಯ ಇನ್ನೂ ಸೂಕ್ಷ್ಮವಾದುದು. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿ, ತಂದೆತಾಯಿ ಇಬ್ಬರೇ ತೋಟದ ಮನೆಯಲ್ಲಿ ಉಳಿದಿರುವ ಸಂಸಾರಗಳು ನಮ್ಮ ಜಿಲ್ಲೆಯ ಪ್ರತಿ ಊರಿನಲ್ಲೂ ಇವೆ. ಜಪಾನಿನಲ್ಲಿ ರೂಪುಗೊಂಡ ‘ಪಾರೋ’ ಎಂಬ ಸೀಲ್ ಮರಿಯಂಥ ರೋಬೋಟನ್ನು ಮರೆವಿನ ಕಾಯಿಲೆಯಿರುವ ಹಿರಿಯರ ಆರೈಕೆಯಲ್ಲಿ ಹಲವು ದೇಶಗಳು ಬಳಸುತ್ತಿವೆ; ಅದರಿಂದ ಅವರಿಗೆ ಸಮಾಧಾನ ಸಿಗುವುದಾದರೆ ಬೇಡವೆನ್ನಲು ನಾನು ಯಾರು? ನನ್ನ ತಕರಾರು ಒಡನಾಟದ ಬಗ್ಗೆ ಅಲ್ಲ, ಆ ಒಡನಾಟವನ್ನು ಬಳಸಿಕೊಂಡು ತೀರ್ಮಾನವನ್ನು ಬದಲಿಸುವುದರ ಬಗ್ಗೆ. 2018ರ ಒಂದು ಜರ್ಮನ್ ಅಧ್ಯಯನದಲ್ಲಿ ತನ್ನನ್ನು ಸ್ವಿಚ್ ಆಫ್ ಮಾಡಬೇಡಿ, ಕತ್ತಲೆಯೆಂದರೆ ಭಯ ಎಂದು ಪುಟ್ಟ ರೋಬೋಟೊಂದು ಬೇಡಿಕೊಂಡಾಗ, ಅದನ್ನು ಕೇಳಿಸಿಕೊಂಡ 43 ಜನರಲ್ಲಿ 13 ಮಂದಿ ಅದನ್ನು ಸ್ವಿಚ್ ಆಫ್ ಮಾಡಲೇ ಇಲ್ಲ. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಊದಿದಷ್ಟೂ ಹಣ ಕೂಡುವ ಆದರೆ ಒಡೆದರೆ ಎಲ್ಲವೂ ಹೋಗುವ ಬಲೂನಿನ ಆಟವನ್ನು 180 ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಆಡಿದರು. ಪಕ್ಕದಲ್ಲಿ ನಿಂತು ಹುರಿದುಂಬಿಸುವ ರೋಬೋಟ್ ಇದ್ದವರು ಉಳಿದವರಿಗಿಂತ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಇವರೆಲ್ಲ ಯಂತ್ರ ಯಂತ್ರವೆಂದು ತಿಳಿದವರೇ. ಹೀಗಿರುವಾಗ ದಿನವಿಡೀ ಜತೆಗಿದ್ದು ಮಾತ್ರೆಯ ಹೊತ್ತು ನೆನಪಿಸುವ ದನಿಯೇ ಒಂದು ದಿನ ‘ಕಾಳುಮೆಣಸನ್ನು ಇವತ್ತೇ ಮಾರಿಬಿಡಿ’, ‘ಈ ವಿಮೆಯನ್ನು ಮಾಡಿಸಿಬಿಡಿ’ ಎಂದರೆ ಒಂಟಿ ಜೀವ ಇಲ್ಲವೆನ್ನುವುದು ಸುಲಭವೇ? ಮೆಣಸು ಕೊಳ್ಳುವ ವ್ಯಾಪಾರಿ ಯಾರ ಲಾಭಕ್ಕೆ ಮಾತನಾಡುತ್ತಾನೆಂದು ಬೆಳೆಗಾರನಿಗೆ ತಿಳಿದಿರುತ್ತದೆ. ರೋಬೋಟ್ ಯಾರ ಪರವಾಗಿ ಮಾತನಾಡುತ್ತಿದೆ ಎಂಬುದು ಅದರ ಮುಖದಲ್ಲಿ ಕಾಣುವುದಿಲ್ಲ.

ಕಾನೂನು ಈ ದಿಕ್ಕಿನಲ್ಲಿ ಅರ್ಧದಾರಿಯಷ್ಟೇ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ವರ್ತನೆಯ ಮೇಲೆ ಕಣ್ಣಿಡುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿರ್ಬಂಧಿಸುವ ಕಲಂ ಹೊಂದಿದೆ. ಅದೇ ವರ್ಷ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಸುಳ್ಳು ಅವಸರ ಹುಟ್ಟಿಸುವುದು, ನಾಚಿಕೆಪಡಿಸಿ ಒಪ್ಪಿಸುವುದು ಸೇರಿದಂತೆ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ತಡೆಯುತ್ತವೆ, ಆದರೆ ಅವುಗಳನ್ನು ಬರೆದಾಗ ಕಣ್ಣೆದುರಿಗಿದ್ದದ್ದು ಆನ್‌ಲೈನ್ ಮಾರಾಟದ ಪರದೆಗಳು. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ: ವಯಸ್ಸು, ಅಂಗವೈಕಲ್ಯ, ಬಡತನಗಳ ದೌರ್ಬಲ್ಯವನ್ನು ಬಳಸಿಕೊಂಡು ಜನರ ನಡವಳಿಕೆಯನ್ನು ತಿರುಚಿ ಗಂಭೀರ ಹಾನಿ ಮಾಡುವ ವ್ಯವಸ್ಥೆಗಳ ಮೇಲೆ ಅಲ್ಲಿ 2025ರ ಫೆಬ್ರುವರಿಯಿಂದ ನಿಷೇಧವಿದೆ. ನಮ್ಮಲ್ಲೂ ಅಂಥದೊಂದು ಸ್ಪಷ್ಟ ಕಲಂ ಬೇಕು.

ದೆಹಲಿಯಲ್ಲಿ ಕಾನೂನು ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಶಾಲೆಗೆ ರೋಬೋಟ್ ತರುವ ಮುನ್ನ ಶಿಕ್ಷಣ ಇಲಾಖೆ ಒಂದು ಸಣ್ಣ ನಿಯಮ ಮಾಡಬಹುದು: ಪ್ರತಿ ಮಗು ತನ್ನ ಉತ್ತರವನ್ನು ನೋಟ್ ಪುಸ್ತಕದಲ್ಲಿ ಬರೆದ ಮೇಲಷ್ಟೇ ಯಂತ್ರ ಬಾಯಿ ತೆರೆಯಬೇಕು, ಮತ್ತು ಆಗಾಗ ಅದರಿಂದ ಬೇಕೆಂದೇ ತಪ್ಪು ಹೇಳಿಸಿ, ಆ ತಪ್ಪನ್ನು ಹಿಡಿದ ಮಗುವನ್ನು ಶಿಕ್ಷಕರು ಎಲ್ಲರೆದುರು ಮೆಚ್ಚಬೇಕು. ಇದಕ್ಕೆ ಅನುದಾನವೇನೂ ಬೇಕಿಲ್ಲ. ಸಾರ್ವಜನಿಕ ಕಚೇರಿ, ಆಸ್ಪತ್ರೆಗಳಲ್ಲಿ ಇಡುವ ರೋಬೋಟ್ ತಾನು ಯಂತ್ರವೆಂದೂ, ತನಗೆ ಹಣ ಕೊಟ್ಟವರು ಯಾರೆಂದೂ ಮೊದಲ ಮಾತಿನಲ್ಲೇ ಕನ್ನಡದಲ್ಲಿ ಹೇಳಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಲಿ. ಮಳೆಗಾಲದ ಮುನ್ನ ನಡೆಯುವ ವಿಪತ್ತು ನಿರ್ವಹಣೆಯ ಅಣಕು ಕಾರ್ಯಾಚರಣೆಗಳಲ್ಲಿ, ಯಂತ್ರದ ಸೂಚನೆಯನ್ನು ತಳ್ಳಿಹಾಕುವ ಅಧಿಕಾರ ಆಯಾ ಗ್ರಾಮ ಪಂಚಾಯಿತಿಯ ಯಾರ ಕೈಯಲ್ಲಿದೆ ಎಂಬುದನ್ನು ಜಿಲ್ಲಾಡಳಿತ ಈಗಲೇ ನಿಗದಿಪಡಿಸಿ ಊರವರಿಗೆ ತಿಳಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ
ವಿರಾಜಪೇಟೆ, ಕೊಡಗು