ಕರಿಮೆಣಸಿಗೆ, ಹಿಮ ಕರಗಿದ ಮೇಲೆ

ಲೋ ಕರಿಮೆಣಸು,

ನಿನ್ನೆ ಬೈಕಿಗೆ ಚಕ್ರ ವಾಪಸ್ ಹಾಕಿದೆ. ಐದು ತಿಂಗಳಿಂದ ಗ್ಯಾರೇಜಿನ ಮೂಲೆಯಲ್ಲಿ ಗೋಡೆಗೆ ಒರಗಿಕೊಂಡಿದ್ದವು. ಹಿಂದಿನ ಚಕ್ರದ ಕಡ್ಡಿಗಳ ನಡುವೆ ಜೇಡ ಸಂಸಾರ ಹೂಡಿತ್ತು. ಅರ್ಧ ದಿನದ ಕೆಲಸ ಅಂದುಕೊಂಡು ಬೆಳಿಗ್ಗೆ ಕೂತವನು ಎದ್ದಾಗ ಸಂಜೆ ಏಳು. ಎಲ್ಲ ಮುಗಿದ ಮೇಲೆ ನೆಲದ ಮೇಲೆ ಒಂದು ಬೋಲ್ಟ್ ಉಳಿದಿತ್ತು. ನಗಬೇಡ. ಹೌದು, ಹಾಸನದ ಆ ಬೋಲ್ಟಿನ ಹಾಗೇ. ಈ ಸಲ ಜೇಬಿಗೆ ಹಾಕಿಕೊಂಡಿಲ್ಲ, ಅಷ್ಟು ಮಾತ್ರ ಬುದ್ಧಿ ಬಂದಿದೆ.

ಇದನ್ನು ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಹೆದರಬೇಡ. ನಿನ್ನ ಹೆಂಡತಿಗೆ ಗೊತ್ತಾಗುತ್ತದೆ. ಅವರಿಗೆ ಬೋಲ್ಟಿನ ಕಥೆ ಇನ್ನೂ ಹೇಳಿಲ್ಲ ಅಂದರೆ ಇವತ್ತು ರಾತ್ರಿ ಊಟಕ್ಕೆ ಮುಂಚೆ ಹೇಳಿಬಿಡು.

ಜನವರಿಯಲ್ಲಿ ನಾನು ಹಿಮದಲ್ಲಿ ಓಡಿಸುವ ನನ್ನ ಸ್ನೋ ಬೈಕಿನ ಫೋಟೋ ಹಾಕಿದಾಗ ನೀನು ಕೇಳಿದ್ದೆ: "ಮಾರಾಯ, ಅದು ಬೈಕಾ, ಉಳುಮೆ ಯಂತ್ರವಾ?" ಅವತ್ತು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ, ಉಳಿದವರೂ ಕೇಳಿಸಿಕೊಳ್ಳಲಿ. ಬೈಕ್ ಮಾಮೂಲಿನದೇ, ಮಣ್ಣಿನಲ್ಲಿ ಓಡಿಸುವ 450 ಸಿಸಿ ಗಾಡಿ. ಮುಂದಿನ ಚಕ್ರ ತೆಗೆದು ಅಲ್ಲಿ ಒಂದು ಸ್ಕೀ ಕೂರಿಸುತ್ತಾರೆ. ಹಿಂದಿನ ಚಕ್ರ, ಅದನ್ನು ಹಿಡಿದಿಡುವ ಸ್ವಿಂಗ್ ಆರ್ಮ್ ಎಲ್ಲ ಬಿಚ್ಚಿ ಅಲ್ಲಿಗೆ ರಬ್ಬರ್ ಟ್ರ್ಯಾಕ್. ನನ್ನದರ ಸುತ್ತಳತೆ 120 ಇಂಚು, ಮೈತುಂಬ ಎರಡೂವರೆ ಇಂಚಿನ ಹಲ್ಲು. ಇಂಜಿನ್ನಿನ ಸ್ಪ್ರಾಕೆಟ್‌ನಿಂದ ಚೈನು ಬಂದು ಟ್ರ್ಯಾಕನ್ನು ಉರುಳಿಸುತ್ತದೆ. ಒಟ್ಟಿನಲ್ಲಿ ಮುಂದೆ ದೋಣಿ, ಹಿಂದೆ ಟ್ಯಾಂಕ್, ನಡುವೆ ನಾನು. ಹೀಗೆ ಬೈಕಿಗೆ ಜೋಡಿಸುವ ಸ್ಕೀ, ಟ್ರ್ಯಾಕ್ ಕಿಟ್‌ಗಳಲ್ಲಿ ಹೆಸರು ಮಾಡಿದ ಟಿಂಬರ್‌ಸ್ಲೆಡ್ ಕಂಪನಿ ಹುಟ್ಟಿದ್ದು ಅಮೆರಿಕದ ನಮ್ಮ ಐಡಾಹೋ ರಾಜ್ಯದಲ್ಲೇ, ಉತ್ತರದ ಸ್ಯಾಂಡ್‌ಪಾಯಿಂಟ್ ಅನ್ನುವ ಸಣ್ಣ ಊರಲ್ಲಿ. 2015ರಲ್ಲಿ ಸ್ನೋಮೊಬೈಲ್ ಮಾಡುವ ಪೊಲಾರಿಸ್‌ನವರು ಅದನ್ನು ಕೊಂಡುಕೊಂಡರು. 2017ರಲ್ಲಿ ಆಸ್ಪೆನ್‌ನಲ್ಲಿ ನಡೆಯುವ ಎಕ್ಸ್ ಗೇಮ್ಸ್ ಅನ್ನುವ ಸಾಹಸ ಕ್ರೀಡಾಕೂಟದಲ್ಲಿ ಇದರದ್ದೇ ರೇಸ್ ಶುರುವಾಯಿತು. ಬ್ರಾಕ್ ಹೋಯರ್ ಅನ್ನುವ ಕೆನಡಾದವನು ಮೊದಲ ಚಿನ್ನ ಹೊಡೆದ. ನಾನು ಆ ವಿಡಿಯೋ ನೋಡಿಯೇ ಕೆಟ್ಟಿದ್ದು.

ಓಡಿಸುವಾಗ ಏನೂ ಕಷ್ಟ ಇಲ್ಲ. ಕಷ್ಟ ಇರುವುದು ನಿಲ್ಲಿಸುವಾಗ. ಇಪ್ಪತ್ತು ವರ್ಷದಿಂದ ಬೈಕ್ ನಿಂತ ಕೂಡಲೇ ಎಡಗಾಲು ತಾನೇ ಕೆಳಗೆ ಇಳಿಯುತ್ತದೆ, ಅಲ್ವಾ? ನೆಲ ಇದ್ದೇ ಇರುತ್ತದೆ ಅನ್ನುವ ನಂಬಿಕೆ. ಇಲ್ಲಿ ಕಾಲು ಇಳಿಯಿತು, ಇಳಿಯುತ್ತಲೇ ಹೋಯಿತು. ಪಾದ, ಮೊಣಕಾಲು, ತೊಡೆ. ಸೊಂಟದವರೆಗೆ ಹಿಮದೊಳಗೆ ಹೋದ ಮೇಲೂ ಕೆಳಗೆ ಏನೂ ಸಿಗಲಿಲ್ಲ. ನೂರೈವತ್ತು ಕೆಜಿ ಗಾಡಿ ನಿಧಾನವಾಗಿ, ಬಹಳ ಮರ್ಯಾದೆಯಿಂದ, ನನ್ನ ಮೇಲೆ ಮಲಗಿತು. ಹೆಲ್ಮೆಟ್ ಒಳಗೆ ನನ್ನ ಉಸಿರು, ಸೈಲೆನ್ಸರ್ ಮೇಲೆ ಬಿದ್ದ ಹಿಮ ಚುಂಯ್ ಅನ್ನುವ ಸದ್ದು. ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಬಿದ್ದ ಜಾಗದಲ್ಲೇ ಮಲಗಿ ಮಸಾಲೆ ದೋಸೆ ನೆನೆಸಿಕೊಂಡೆ. ಸಿಕ್ಕಿಹಾಕಿಕೊಂಡ ಗಾಡಿಯನ್ನು ಎಳೆಯಬಾರದಂತೆ. ಅದನ್ನು ಪಕ್ಕಕ್ಕೆ ಕೆಡವಿ, ಅದು ತೋಡಿದ ಗುಂಡಿಯಿಂದ ಉರುಳಿಸಿ, ಗಟ್ಟಿ ಹಿಮದ ಮೇಲೆ ಎಬ್ಬಿಸಬೇಕು. ಇದು ನಾಲ್ಕನೇ ದಿನ ಗೊತ್ತಾಯಿತು. ಅಲ್ಲಿಯವರೆಗೆ ಎಳೆದಿದ್ದೇ ಎಳೆದಿದ್ದು. ಸೊಂಟ ಇನ್ನೂ ಮಾತಾಡುತ್ತದೆ.

ನಿಮ್ಮಪ್ಪ ಮಳೆಗಾಲದಲ್ಲಿ ಜೀಪಿನ ಚಕ್ರಕ್ಕೆ ಸರಪಳಿ ಸುತ್ತಿ ತೋಟಕ್ಕೆ ಇಳಿಸುತ್ತಿದ್ದರಲ್ಲ, ಆ ಕೆಸರಿನ ನೆನಪು ಬಹಳ ಸಲ ಬಂತು. ಅಲ್ಲಿಗೂ ಇಲ್ಲಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಇಲ್ಲಿ ಉಂಬಳ ಇಲ್ಲ, ಅಷ್ಟೇ.

ಲೆಕ್ಕ ಹೇಳಿಬಿಡುತ್ತೇನೆ, ಹೇಗೂ ಮನೆಯಲ್ಲಿ ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದಾರೆ. ಇಡೀ ಸೀಸನ್ನಿನಲ್ಲಿ ಬೆಟ್ಟ ಹತ್ತಿದ್ದು ಹದಿನಾಲ್ಕು ದಿನ. ಸೆಕೆಂಡ್ ಹ್ಯಾಂಡ್ ಕಿಟ್ಟು, ಟ್ರೈಲರ್, ಬೂಟು, ಪೆಟ್ರೋಲು ಎಲ್ಲ ಕೂಡಿಸಿ ಹೆಂಡತಿ ಹದಿನಾಲ್ಕರಿಂದ ಭಾಗಿಸಿದ್ದಾಳೆ. ಬಂದ ಸಂಖ್ಯೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ. ಆ ದುಡ್ಡಿಗೆ ದಿನಾ ಒಂದೊಂದು ರೇಷ್ಮೆ ಸೀರೆ ಬರುತ್ತಿತ್ತಂತೆ. ನಾನು ವಾದ ಮಾಡಲಿಲ್ಲ.

ಆದರೆ ಒಂದು ದಿನವನ್ನು ಆ ಭಾಗಾಕಾರದಿಂದ ಹೊರಗಿಡಬೇಕು. ಬಾಯ್ಸಿ ನಗರದಿಂದ ಬೆಟ್ಟದ ಊರು ಮಕಾಲ್‌ಗೆ 55ನೇ ಹೈವೇಯಲ್ಲಿ ಎರಡೂವರೆ ಗಂಟೆ. ಪೆಯೆಟ್ ನದಿ ಪಕ್ಕದಲ್ಲೇ ಬರುತ್ತಿರುತ್ತದೆ. ಹಿಂದಿನ ರಾತ್ರಿ ಒಂದಡಿ ಹೊಸ ಹಿಮ ಬಿದ್ದಿತ್ತು. ಬ್ರಂಡೇಜ್ ಬೆಟ್ಟದ ಕಡೆಯ ಕಾಡಿನಲ್ಲಿ ಇಳಿಜಾರಿಗೆ ಅಡ್ಡವಾಗಿ ಹೋಗುತ್ತಿದ್ದೆ. ಸ್ನೋಮೊಬೈಲ್, ಅಂದರೆ ಮುಂದೆ ಎರಡು ಸ್ಕೀ ಇರುವ ಹಿಮದ ಗಾಡಿಯವರು, ಹಾಗೆ ಅಡ್ಡ ಹೋಗಲು ಮೈಯೆಲ್ಲ ಒಂದು ಕಡೆ ಹಾಕಿ ಗುದ್ದಾಡುತ್ತಾರೆ. ಈ ಗಾಡಿಗೆ ಅದೇ ತವರು ಮನೆ. ಸ್ವಲ್ಪ ವಾಲಿದರೆ ಸಾಕು, ಹಿಮವನ್ನು ಬೆಣ್ಣೆಯ ಹಾಗೆ ಕೊಯ್ದುಕೊಂಡು ಹೋಗುತ್ತದೆ. ಎಂಟು ಸಾವಿರ ಅಡಿಯ ಹತ್ತಿರ ಇಂಜಿನ್ನಿಗೆ ಗಾಳಿ ಸಾಲದು, ಕಾಲುಭಾಗ ಜೀವ ಹೋಗಿರುತ್ತದೆ. ಆದರೂ ಮೂರನೇ ಗೇರಿನಲ್ಲಿ ಫರ್ ಮರಗಳ ನಡುವೆ ಅದು ಗುನುಗುತ್ತಾ ಹೋದಾಗ, ಬಿಸ್ಲೆ ಘಾಟಿಯಲ್ಲಿ ನಿನ್ನ ಆರ್‌ಎಕ್ಸ್ ಹಂಡ್ರೆಡ್ ಹಿಂದೆ ಕೂತು ಕೂಗುತ್ತಿದ್ದೆನಲ್ಲ, ಆ ಕೂಗೇ ಬಾಯಿಗೆ ಬಂತು. ಆ ಪದವೇ. ಈ ಕಾಡಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಪುಣ್ಯ.

ಈಗ ಬರೆಯಬೇಕು ಅಂದುಕೊಂಡಿದ್ದಕ್ಕೆ ಬರುತ್ತೇನೆ. ಬರೆಯಬೇಕಾ ಅಂತ ಮೂರು ದಿನ ಯೋಚಿಸಿದೆ.

ನಾವು ಮೂವರು ಹೋಗುತ್ತಿದ್ದೆವು. ನಾನು, ಆಫೀಸಿನ ತೆಲುಗು ಹುಡುಗ, ಮತ್ತೆ ಮಕಾಲ್‌ನ ಒಬ್ಬ ಬಡಗಿ. ಅರವತ್ತು ದಾಟಿದೆ, ಇಡೀ ದಿನಕ್ಕೆ ಇಪ್ಪತ್ತು ಮಾತು. ಅಲ್ಲಿ ಹಿಮಕುಸಿತದ ಭಯ ಸದಾ ಇರುತ್ತದೆ. ಪೆಯೆಟ್ ಅವಲಾಂಚ್ ಸೆಂಟರ್‌ನವರು ಅಪಾಯ ಎಷ್ಟು ಅಂತ ತಿಳಿಸುತ್ತಾರೆ, ಅದನ್ನು ಓದದೆ ಬಡಗಿ ಟ್ರೈಲರ್ ಬಾಗಿಲು ತೆಗೆಯುವುದಿಲ್ಲ. ಕಾರಣ ಹೀಗೆ: ಮೋಡವಿಲ್ಲದ ಚಳಿ ರಾತ್ರಿಗಳಲ್ಲಿ ಹಿಮದ ಮೇಲೆ ಗರಿಯಂಥ ಹರಳು ಕೂರುತ್ತವೆ. ನೋಡಲು ಬಲು ಚಂದ. ಅದರ ಮೇಲೆ ಮುಂದಿನ ಹಿಮ ಬಿದ್ದರೆ ಎರಡರ ನಡುವೆ ಅಂಟು ಇರುವುದಿಲ್ಲ. ಮೇಲಿನದು ಹಲಗೆಯ ಹಾಗೆ ಕೂತಿರುತ್ತದೆ, ಯಾರಾದರೂ ಭಾರ ಹಾಕುವವರೆಗೆ. ಒಮ್ಮೆ ಸಮತಟ್ಟು ಜಾಗದಲ್ಲೇ ನಮ್ಮ ಕಾಲಡಿ ಹಿಮ "ಧುಸ್" ಅಂತ ಒಂದಿಷ್ಟು ಕುಸಿಯಿತು. ದೊಡ್ಡ ಪ್ರಾಣಿ ನಿಟ್ಟುಸಿರು ಬಿಟ್ಟ ಹಾಗೆ. ಬಡಗಿ ಗಾಡಿ ತಿರುಗಿಸಿದ. ಅವತ್ತಿನ ಸವಾರಿ ಅಲ್ಲಿಗೆ ಮುಗಿಯಿತು.

ಆ ಸದ್ದನ್ನು ನೀನು ನನಗೆ ಮೊದಲೇ ಹೇಳಿದ್ದೆ. ಗುಡ್ಡ ಉಸಿರು ಬಿಟ್ಟಿತು ಅಂದಿದ್ದೆ. ನಾನು ಅದನ್ನು ನಿನ್ನ ಮಾತಿನ ಅಲಂಕಾರ ಅಂದುಕೊಂಡಿದ್ದೆ.

ಎಲ್ಲರೂ ಎದೆಗೆ ಒಂದು ಬೀಕನ್ ಕಟ್ಟಿಕೊಳ್ಳುತ್ತೇವೆ. ಅದು ಸುಮ್ನೆ ಸಿಗ್ನಲ್ ಕಳಿಸುತ್ತಿರುತ್ತದೆ, 457 ಕಿಲೋಹರ್ಟ್ಸ್‌ನಲ್ಲಿ. ಯಾರಾದರೂ ಹೂತುಹೋದರೆ ಉಳಿದವರು ತಮ್ಮ ಬೀಕನ್ ಕಳಿಸುವುದನ್ನು ನಿಲ್ಲಿಸಿ, ಸ್ವಿಚ್ ಅನ್ನು ಹುಡುಕುವ ಕಡೆಗೆ ತಿರುಗಿಸಬೇಕು. ಅದರ ಪರದೆಯಲ್ಲಿ ದೂರದ ಅಂಕಿ ಕಡಿಮೆಯಾಗುತ್ತ ಹೋದ ಹಾಗೆ ಹತ್ತಿರವಾಗುತ್ತಿದ್ದೀವಿ ಅಂತ ಅರ್ಥ. ಸಿಗುವ ಸಮಯ ಹತ್ತು-ಹದಿನೈದು ನಿಮಿಷ, ಆಮೇಲೆ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಮಾರ್ಚಿನಲ್ಲಿ ಒಂದು ದಿನ ಪಾರ್ಕಿಂಗ್ ಜಾಗದಲ್ಲೇ ಅಭ್ಯಾಸ. ಬಡಗಿ ಒಂದು ಬೀಕನ್ ಅನ್ನು ಚೀಲದಲ್ಲಿ ಹಾಕಿ ಹಿಮದಲ್ಲಿ ಹೂತಿಟ್ಟ. ನಾವಿಬ್ಬರು ಹುಡುಕಬೇಕು. ನಾನು ಸಲಿಕೆ ಹಿಡಿದು ಭಾರೀ ಉತ್ಸಾಹದಿಂದ ಅತ್ತ ಇತ್ತ ಓಡಿದೆ. ತೆಲುಗು ಹುಡುಗ ಅಂಕಿ ನೋಡುತ್ತ ಬಂದ. ಹನ್ನೆರಡು, ಎಂಟು, ನಾಲ್ಕು, ಎರಡು. ತಲೆ ಎತ್ತಿದರೆ ಎದುರಿಗೆ ನಾನು ನಿಂತಿದ್ದೇನೆ.

ನನ್ನದು ಇನ್ನೂ ಕಳಿಸುತ್ತಲೇ ಇತ್ತು. ತಿರುಗಿಸಲು ಮರೆತಿದ್ದೆ.

ಹುಡುಗ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಬಡಗಿ ನಗಲಿಲ್ಲ. ಹೂತುಹೋದವನು ಕೆಳಗಿದ್ದಾನೆ, ನಾವು ನಿನ್ನನ್ನು ಹುಡುಕುತ್ತಿದ್ದೀವಿ ಅಂದ. ಇಪ್ಪತ್ತರಲ್ಲಿ ಅಷ್ಟು ಮಾತು ನನಗೆ ಖರ್ಚು ಮಾಡಿದ.

ವಾಪಸ್ ಬರುವಾಗ ದಾರಿಯ ಕ್ಯಾಸ್ಕೇಡ್ ಊರು ದಾಟುವವರೆಗೂ ಆ ಹುಡುಗ ಹಾಡು ಹಾಕಿಕೊಂಡು ಮಾತಾಡುತ್ತಲೇ ಇದ್ದ. ನಾನು 2018ರ ಆಗಸ್ಟ್‌ನಲ್ಲಿದ್ದೆ.

ಕೊಡಗಿನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಜೋಡುಪಾಲ ಅಂತ ಟಿವಿಯಲ್ಲಿ ಹೆಸರು ಬರುತ್ತಿದ್ದ ವಾರ. ಕೆಂಪು ಮಣ್ಣು ಗುಡ್ಡಗಳನ್ನು ಉಗುರಿನಿಂದ ಗೀರಿದ ಹಾಗೆ ಇದ್ದ ಆ ಚಿತ್ರಗಳು. ನೀವೆಲ್ಲ ಎಲ್ಲಿದ್ದೀರಿ ಅಂತ ಗೊತ್ತಿರಲಿಲ್ಲ. ನಾನು ಇಲ್ಲಿನ ಕನ್ನಡದವರ ಹತ್ತಿರ ದುಡ್ಡು ಎತ್ತುತ್ತಿದ್ದೆ, ನಿನಗೆ ಗೊತ್ತಿದೆ. ರಾತ್ರಿ ಒಂದು ಗಂಟೆಗೆ ಕೂತು ಮೊಬೈಲಿನಲ್ಲಿ ಮನವಿ ಟೈಪ್ ಮಾಡುತ್ತಿದ್ದೆ. ಕೊಡಗಿನ ಕಣ್ಣೀರು ಅಂತೇನೋ ಶುರುವಿತ್ತು. ಚೆನ್ನಾಗಿ ಬರುತ್ತಿತ್ತು ಕಣೋ. ಆಗ ಫೋನ್ ರಿಂಗಾಯಿತು. ಇಂಡಿಯಾ ನಂಬರ್, ಗುರುತಿಲ್ಲದ್ದು.

ನೀನು ಆಮೇಲೆ ಕೇಳಿದಾಗ ನಾನು ನಿದ್ದೆ ಮಾಡಿದ್ದೆ ಅಂದೆ. ಬೆಳಿಗ್ಗೆ ನೋಡಿದೆ, ವಾಪಸ್ ಮಾಡಿದರೆ ಲೈನ್ ಸಿಗಲಿಲ್ಲ ಅಂದೆ. ಹಾಗಲ್ಲ. ಫೋನ್ ಕೈಯಲ್ಲೇ ಇತ್ತು. ನೀನೇ ಇರಬೇಕು ಅಂತ ಅನ್ನಿಸಿತ್ತು ಕೂಡ. ಎತ್ತಿದರೆ ಏನು ಕೇಳಿಸುತ್ತದೋ, ಯಾರ ಹೆಸರು ಹೇಳುತ್ತೀಯೋ ಅಂತ ಕೈ ನಡುಗಿತು. ರಿಂಗ್ ನಿಲ್ಲುವವರೆಗೆ ಪರದೆ ನೋಡುತ್ತಾ ಕೂತೆ. ನಿಂತ ಮೇಲೆ ಮನವಿ ಪೂರ್ತಿ ಮಾಡಿ ಹಾಕಿದೆ. ಇನ್ನೂರಕ್ಕೂ ಜಾಸ್ತಿ ಜನ ಮೆಚ್ಚಿದರು. ವಾಪಸ್ ಫೋನ್ ಮಾಡಲೂ ಇಲ್ಲ. ನಿನ್ನ ದನಿ ಕೇಳಿದ್ದು ಒಂಬತ್ತು ದಿನ ಆದ ಮೇಲೆ. ಅದೂ ನೀನೇ ಮಾಡಿದ್ದು, ಮಡಿಕೇರಿಯ ಪರಿಹಾರ ಕೇಂದ್ರದಿಂದ, ಇನ್ಯಾರದೋ ಮೊಬೈಲಿನಲ್ಲಿ. ನಾಲ್ಕು ಎಕರೆ ಕಾಫಿ, ಕೊಟ್ಟಿಗೆ, ಅಡಿಗೆಮನೆ ಹೋಯಿತು, ಜನ ಎಲ್ಲ ಇದ್ದೀವಿ ಅಂದೆ. ಕೊನೆಗೆ ನನಗೇ ಸಮಾಧಾನ ಹೇಳಿದೆ.

ಅದರ ನಂತರ ನೀನು ಆ ವಿಷಯ ಎತ್ತಲಿಲ್ಲ. ನಿನಗೆ ಗೊತ್ತಿತ್ತಾ? ನನಗೆ ಯಾವಾಗಲೂ ಅನುಮಾನ. ಕಳೆದ ಸಲ ಊರಿಗೆ ಬಂದಾಗ ಹೊಸ ಮನೆಯ ಜಗಲಿಯಲ್ಲಿ ಕೂತು ಹಂದಿ ಕರಿ ತಿನ್ನುವಾಗ ನೀನು ಒಮ್ಮೆ ನನ್ನ ಮುಖ ನೋಡಿ ಏನೋ ಕೇಳಲು ಹೊರಟವನು "ಇನ್ನೊಂದು ಕಡುಬು ಹಾಕಲಾ?" ಅಂದೆ. ಅವತ್ತು ಎಂಟು ಕಡುಬು ತಿಂದೆ. ಹಸಿವಿನಿಂದ ಅಲ್ಲ.

ಇಷ್ಟೆಲ್ಲ ಬರೆಯುವ ಉದ್ದೇಶ ಇರಲಿಲ್ಲ. ಬೈಕಿನ ಬಗ್ಗೆ ನಾಲ್ಕು ಮಾತು, ಎರಡು ಫೋಟೋ ಅಂತ ಕೂತಿದ್ದೆ. ಮತ್ತೆ ನೋಡು, ಇದನ್ನೂ ನಿನಗೆ ಫೋನ್ ಮಾಡಿ ಹೇಳದೆ ಊರೆಲ್ಲ ಓದುವ ಕಡೆ ಹಾಕುತ್ತಿದ್ದೇನೆ. ಬಡಗಿಗೆ ಕನ್ನಡ ಬರುತ್ತಿದ್ದರೆ ಈ ಸಲ ಹತ್ತು ಮಾತು ಖರ್ಚು ಮಾಡುತ್ತಿದ್ದ.

ಸರಿ, ಬಿಡು. ಯಾರೋ ಮಹಾನುಭಾವರು ಈಗಲೇ ಕೆಳಗೆ "ಕಣ್ಣು ತೇವವಾಯಿತು ಸರ್" ಅಂತ ಬರೆಯುತ್ತಿರುತ್ತಾರೆ. ಅವರಿಗೆ ನನ್ನ ವಂದನೆ. ಅವರು ಹಾಸನದ ಬೋಲ್ಟಿನ ಕಥೆ ಕೇಳಿದರೆ ಆ ತೇವ ಆರಿಹೋಗುತ್ತದೆ.

ಕಿಟ್ ಈಗ ಗ್ಯಾರೇಜಿನಲ್ಲಿ ಚಾದರ ಹೊದ್ದು ಮಲಗಿದೆ. ಬೇರಿಂಗ್‌ಗಳಿಗೆ ಗ್ರೀಸ್ ತುಂಬಿದ್ದೇನೆ. ಟ್ರ್ಯಾಕಿನ ಒಳಗಿನ ಪ್ಲಾಸ್ಟಿಕ್ ಪಟ್ಟಿಗಳು ಸವೆದು ಹೋಗಿವೆ. ಹಿಮ ಕಡಿಮೆ ಇರುವ ಗಟ್ಟಿ ದಾರಿಯಲ್ಲಿ ಓಡಿಸಿದ್ದರ ಫಲ. ಅವಕ್ಕೆ ತಂಪು, ಎಣ್ಣೆ ಎರಡೂ ಹಿಮವೇ. ಹೊಸ ಪಟ್ಟಿ ತರಿಸಬೇಕು. ಆ ಖರ್ಚು ಫ್ರಿಜ್ ಮೇಲಿನ ಚೀಟಿಗೆ ಇನ್ನೂ ಹತ್ತಿಲ್ಲ, ಹಾಗಾಗಿ ಇದನ್ನು ನಿನ್ನ ಹೆಂಡತಿ ನನ್ನ ಹೆಂಡತಿಗೆ ಕಳಿಸದ ಹಾಗೆ ನೋಡಿಕೋ.

ಶನಿವಾರ ನಿನಗೆ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ತೋಟದಲ್ಲಿದ್ದರೂ ಎತ್ತು. ಎತ್ತಲಿಲ್ಲ ಅಂದರೆ ನನಗೆ ಹೇಳಲು ಬಾಯಿಲ್ಲ ಬಿಡು, ಮತ್ತೆ ಮಾಡುತ್ತೇನೆ. ಉಳಿದ ಬೋಲ್ಟ್ ಎಲ್ಲಿಯದು ಅಂತ ಫೋಟೋ ಕಳಿಸುತ್ತೇನೆ, ನೋಡಿ ಹೇಳು.

ನಿನ್ನ,
ಎಂಟು ಕಡುಬು