ಗಂಡನ ತೆರಿಗೆ ಬಾಕಿ, ಹೆಂಡತಿಯ ಸಹಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಜವಳಿ, ಹಾರ್ಡ್‌ವೇರ್, ಅಡಿಕೆ, ಮಂಡಕ್ಕಿ ಭಟ್ಟಿ, ಎಲ್ಲರ ಬಿಲ್ಲುಗಳೂ ನನ್ನ ಟೇಬಲ್ಲಿಗೆ ಬರುತ್ತವೆ. ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ನೋಟಿಸ್ ಬಂದರೆ ಉತ್ತರಕ್ಕೆ ಬೇಕಾದ ಕಾಗದ ಜೋಡಿಸುತ್ತೇನೆ. ನಿಮ್ಮ ಪತ್ರಿಕೆಯ ವಧು-ವರರ ಅಂಕಣ ನೋಡಿದಾಗಲೆಲ್ಲ ನನಗೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಹುಡುಗನ ನಕ್ಷತ್ರ, ಸಂಬಳ, ಸ್ವಂತ ಮನೆ, ತೋಟ ಎಲ್ಲ ಕೇಳುತ್ತೇವೆ. ಬ್ಯಾಂಕ್ ಸಾಲ ಇದೆಯಾ ಅಂತಲೂ ಯಾರಾದರೂ ಒಬ್ಬರು ವಿಚಾರಿಸುತ್ತಾರೆ. ತೆರಿಗೆ ಬಾಕಿ ಇದೆಯಾ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನನ್ನ ಅಕ್ಕನ ಮಗಳಿಗೆ ಗಂಡು ಗೊತ್ತಾದಾಗ ನಾನು ಕೇಳಿದೆ. ಅವಳು ಖಾಸಗಿ ಶಾಲೆಯಲ್ಲಿ ಟೀಚರ್. ತನ್ನ ದುಡಿಮೆಯಿಂದ ಹರಿಹರದ ಹತ್ತಿರ ಒಂದು ಸೈಟು ಮಾಡಿಕೊಂಡಿದ್ದಾಳೆ. ಹುಡುಗನದು ಹಾರ್ಡ್‌ವೇರ್ ವ್ಯಾಪಾರ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಬೋರ್ಡಿನ ಮೇಲೆ ತಮ್ಮ ನಂಬರ್ ಬರೆಸಲೇಬೇಕು. ಒಟ್ಟು 15 ಅಕ್ಷರ-ಅಂಕಿ, ನಮ್ಮ ರಾಜ್ಯದ್ದಾದರೆ 29ರಿಂದ ಶುರು. ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಯಾವ ತಿಂಗಳ ರಿಟರ್ನ್ ಯಾವತ್ತು ಹಾಕಿದ್ದಾರೆ ಎಲ್ಲ ಕಾಣುತ್ತದೆ. ಲಾಗಿನ್ ಬೇಡ, ಯಾರು ಬೇಕಾದರೂ ನೋಡಬಹುದು. ನಾನು ನೋಡಿದಾಗ ನಡುನಡುವೆ ಕೆಲವು ತಿಂಗಳ ರಿಟರ್ನ್ ಇರಲೇ ಇಲ್ಲ. ರಿಟರ್ನ್ ಹಾಕಿಲ್ಲ ಎಂದಮಾತ್ರಕ್ಕೆ ಬಾಕಿ ಇದೆ ಎಂದಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು.

ಹುಡುಗನನ್ನೇ ನೇರವಾಗಿ ಕೇಳಿದೆ. ಅವನು ಏನೂ ಮುಚ್ಚಿಡಲಿಲ್ಲ. ಮೊಬೈಲ್ ತೆಗೆದು ಜಿಎಸ್‌ಟಿ ಬಾಕಿ ತೋರಿಸಿದ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಬಾಕಿ ಡಿಮ್ಯಾಂಡ್ ಇರುವ ಪುಟವನ್ನೂ ತೆರೆದ. ಕೊರೊನಾ ಕಾಲದಲ್ಲಿ ವ್ಯಾಪಾರ ಕುಸಿದಿತ್ತು, ಆಮೇಲೆ ಬಡ್ಡಿ ಬೆಳೆದಿತ್ತು. ಜಿಎಸ್‌ಟಿ ಬಾಕಿಗೆ ವರ್ಷಕ್ಕೆ ಶೇ 18ರ ಬಡ್ಡಿ. ಆದಾಯ ತೆರಿಗೆ ಡಿಮ್ಯಾಂಡ್‌ಗೆ ತಿಂಗಳಿಗೆ ಶೇ 1. ಸುಮ್ನೆ ಬಿಟ್ಟರೆ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಸಂಬಂಧ ಬೇಡ ಎಂದು ನಾವು ಹೇಳಲಿಲ್ಲ. ಹುಡುಗ ಒಳ್ಳೆಯವನು, ಕಷ್ಟಪಡುವವನು. ಅಕ್ಕನಿಗೆ ಇದ್ದ ಭಯ ಒಂದೇ: 'ನಾಳೆ ಇಲಾಖೆಯವರು ಬಂದು ನಮ್ಮ ಹುಡುಗಿ ಸೈಟು, ಬಂಗಾರ ತಗೊಂಡು ಹೋದ್ರೆ?'

ಇದಕ್ಕೆ ಕಾನೂನಿನ ಉತ್ತರ ಸ್ಪಷ್ಟವಾಗಿದೆ. ತಾಳಿ ಕಟ್ಟಿದ ಮಾತ್ರಕ್ಕೆ ಗಂಡನ ತೆರಿಗೆ ಬಾಕಿ ಹೆಂಡತಿಯದಾಗುವುದಿಲ್ಲ. ಅವಳ ದುಡಿಮೆಯ ಆಸ್ತಿ ಅವಳದು. ತವರಿನವರು ಕೊಟ್ಟ ಒಡವೆ ಸ್ತ್ರೀಧನ. ಅದು ಅವಳ ಸ್ವಂತ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಸಾಲಗಾರನ ಸ್ವತ್ತು ಜಪ್ತಿಗೆ ಬಂದಾಗಲೂ ಧರ್ಮದ ರೂಢಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆಯನ್ನು ಮುಟ್ಟುವಂತಿಲ್ಲ. ಮಾಂಗಲ್ಯ ಅದರಲ್ಲಿ ಬರುತ್ತದೆ. ಅಡುಗೆ ಪಾತ್ರೆ, ಹಾಸಿಗೆಗೂ ಇದೇ ರಕ್ಷಣೆ ಇದೆ.

ಹಾಗಾದರೆ ಹೆಣ್ಣುಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ನಾನು ನೋಡಿದ ಮಟ್ಟಿಗೆ, ಜಾಸ್ತಿ ಕಡೆ ಅವರ ಸಹಿಯಲ್ಲಿ.

ಮದುವೆ ಮಾತುಕತೆಯಲ್ಲೇ ಹುಡುಗನ ಮನೆಯ ಹಿರಿಯರೊಬ್ಬರು ಪ್ರೀತಿಯಿಂದಲೇ ಹೇಳಿದರು: 'ಅಂಗಡೀನ ಸೊಸೆ ಹೆಸರಿಗೆ ಮಾಡೋಣ. ಹೊಸ ಜಿಎಸ್‌ಟಿ ನಂಬರ್ ತಗೊಂಡ್ರಾಯ್ತು, ಹಳೇದೆಲ್ಲ ಅಲ್ಲೇ ಹೋಗ್ತದೆ.' ಈ ಸಲಹೆಯನ್ನು ನಮ್ಮ ಪೇಟೆಯಲ್ಲಿ ಸಲೀಸಾಗಿ ಕೊಡುತ್ತಾರೆ. ಹಳೆಯದು ಎಲ್ಲಿಗೂ ಹೋಗುವುದಿಲ್ಲ. ವ್ಯಾಪಾರವನ್ನು ಮಾರಿ, ದಾನ ಕೊಟ್ಟು ಅಥವಾ ಬೇರೆ ಯಾವ ರೀತಿಯಲ್ಲೇ ಇನ್ನೊಬ್ಬರಿಗೆ ವರ್ಗಾಯಿಸಿದರೂ, ಅಲ್ಲಿಯವರೆಗಿನ ಬಾಕಿಗೆ ಕೊಟ್ಟವರೂ ಹೊಣೆ, ಪಡೆದವರೂ ಹೊಣೆ ಎಂದು ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಹೇಳುತ್ತದೆ. ಅಂದರೆ ಬಾಕಿಯಿಂದ ದೂರ ಇದ್ದ ಹುಡುಗಿಯನ್ನು ಕೈಯಾರೆ ಕರೆತಂದು ಬಾಕಿಯ ಮುಂದೆ ನಿಲ್ಲಿಸಿದ ಹಾಗೆ.

ಪಾಲುದಾರಿಕೆಯೂ ಅಷ್ಟೇ. 'ಬರೀ ಹೆಸರಿಗೆ, ಒಂದು ಪರ್ಸೆಂಟ್ ಅಷ್ಟೇ' ಎನ್ನುತ್ತಾರೆ. ಪಾಲು ಎಷ್ಟೇ ಇರಲಿ, ಸಂಸ್ಥೆಯ ಜಿಎಸ್‌ಟಿ ಬಾಕಿಗೆ ಪಾಲುದಾರರೆಲ್ಲ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ತಮ್ಮತಮ್ಮಲ್ಲಿ ಬೇರೆ ಕರಾರು ಬರೆದುಕೊಂಡರೂ ಇಲಾಖೆ ಮುಂದೆ ಅದು ನಡೆಯುವುದಿಲ್ಲ. ಪಾಲುದಾರಿಕೆ ಬಿಟ್ಟರೆ ಒಂದು ತಿಂಗಳೊಳಗೆ ಇಲಾಖೆಗೆ ತಿಳಿಸಬೇಕು. ಇಲ್ಲದಿದ್ದರೆ ತಿಳಿಸುವವರೆಗೂ ಹೊಣೆ ತಪ್ಪದು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಡೈರೆಕ್ಟರ್ ಮಾಡಿಕೊಂಡರೂ ತಪ್ಪಿಸಿಕೊಂಡಂತಲ್ಲ. ಅವಳು ಡೈರೆಕ್ಟರ್ ಆಗಿದ್ದ ಅವಧಿಯ ತೆರಿಗೆ ಕಂಪನಿಯಿಂದ ವಸೂಲಾಗದಿದ್ದರೆ ಅವಳ ಸ್ವಂತ ಆಸ್ತಿಗೆ ಬರಬಹುದು. ತನ್ನ ಬೇಜವಾಬ್ದಾರಿಯಿಂದ ಹೀಗಾಗಲಿಲ್ಲ ಎಂದು ಸಾಬೀತು ಮಾಡಬೇಕಾದವಳೂ ಅವಳೇ.

ಇನ್ನು ಜಂಟಿ ಖಾತೆ. ಒಬ್ಬ ಹೆಣ್ಣುಮಗಳು ಗಂಡನ ಜೊತೆ ನನ್ನ ಟೇಬಲ್ ಮುಂದೆ ಪಾಸ್‌ಬುಕ್ ಹಿಡಿದು ಕೂತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಗಂಡನ ಆದಾಯ ತೆರಿಗೆ ಬಾಕಿಗೆ ಬ್ಯಾಂಕಿಗೆ ನೋಟಿಸ್ ಹೋಗಿತ್ತು, ಎಟಿಎಂನಲ್ಲಿ ದುಡ್ಡು ಬಂದಿರಲಿಲ್ಲ. ಪಾಸ್‌ಬುಕ್ಕಿನ ಒಂದು ಸಾಲಿನ ಮೇಲೆ ಬೆರಳಿಟ್ಟು, 'ಇದು ನನ್ನ ಹೆರಿಗೆ ರಜೆ ಸಂಬಳ ಮೇಡಂ, ಇವರದ್ದಲ್ಲ' ಎಂದಳು. ಜಂಟಿ ಖಾತೆಯಲ್ಲಿ ಇಬ್ಬರದೂ ಸಮಪಾಲು ಎಂದೇ ಕಾನೂನು ಮೊದಲು ಭಾವಿಸುತ್ತದೆ. ಅಲ್ಲ ಎನ್ನುವವರು ದಾಖಲೆ ತೋರಿಸಬೇಕು. ಅವಳು ಸಂಬಳದ ಸ್ಲಿಪ್ಪುಗಳನ್ನು ಹುಡುಕಿ ತರುವಷ್ಟರಲ್ಲಿ ಮಗುವಿನ ಡಾಕ್ಟರ್ ಖರ್ಚಿಗೆ ತಮ್ಮನ ಹತ್ತಿರ ಕೈಗಡ ಮಾಡಿದ್ದಳು. ಅದಕ್ಕೇ ನಮ್ಮ ಹುಡುಗಿಗೆ ಹೇಳಿದೆ: ಸಂಬಳದ ಖಾತೆ ನಿನ್ನೊಬ್ಬಳ ಹೆಸರಿನಲ್ಲೇ ಇರಲಿ. ಮನೆ ಖರ್ಚಿಗೆ ಬೇಕಾದಷ್ಟನ್ನು ಅಲ್ಲಿಂದ ಕಳಿಸು.

ಕೆಲವರು ತಿರುಗಿ ಯೋಚಿಸುತ್ತಾರೆ. ಬಾಕಿ ಇರುವವರೇ ಆಸ್ತಿಯನ್ನು ಹೆಂಡತಿ ಹೆಸರಿಗೆ ಬರೆದರೆ ಉಳಿಯುತ್ತದೆ ಅಲ್ವಾ ಎಂದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ದಾರಿ ಯಾವತ್ತೋ ಮುಚ್ಚಿದೆ. 1973ರ ಜೂನ್ 1ರಿಂದ ಈಚೆಗೆ ಸರಿಯಾದ ಬೆಲೆ ಪಡೆಯದೆ ಹೆಂಡತಿಗೋ ಸೊಸೆಗೋ ಬರೆದುಕೊಟ್ಟ ಆಸ್ತಿಯನ್ನು ವಸೂಲಿಯ ಹೊತ್ತಿಗೆ ಬಾಕಿದಾರನದೇ ಎಂದು ಎಣಿಸುತ್ತಾರೆ. ಸೊಸೆ ಎಂಬ ಮಾತನ್ನು ಗಮನಿಸಿ. ಮಾವ ಮದುವೆಯಲ್ಲಿ ಉಡುಗೊರೆಯಾಗಿ ಬರೆದುಕೊಟ್ಟ ಮನೆಯೂ ಮಾವನ ಬಾಕಿಗೆ ಹೋಗಬಹುದು. ಆ ಮನೆ ನಂಬಿಕೊಂಡು ತನ್ನ ಉಳಿತಾಯ ಸುರಿದು ಮೇಲೊಂದು ಮಹಡಿ ಕಟ್ಟಿಸಿದ ಹುಡುಗಿಯ ಗತಿ ಯೋಚಿಸಿ.

ಅಕ್ಕನಿಗೆ ಒಂದು ಫೈಲ್ ಮಾಡಿಸಿದೆ. ಸೈಟಿನ ಕ್ರಯಪತ್ರ, ಅದರ ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಬಂಗಾರದ ಬಿಲ್ಲುಗಳು, ಅಜ್ಜಿಯ ಅವಲಕ್ಕಿ ಸರಕ್ಕೆ ಬಿಲ್ ಇಲ್ಲದ್ದರಿಂದ ಯಾರು ಕೊಟ್ಟರು ಎಂದು ತೂಕ ಸಮೇತ ಬರೆದ ಪಟ್ಟಿ, ಮದುವೆ ಫೋಟೊ. ಹೆಂಡತಿಯ ಆಸ್ತಿಯನ್ನು ಗಂಡನದೆಂದು ಜಪ್ತಿ ಮಾಡಿದರೆ ತೆರಿಗೆ ವಸೂಲಾತಿ ಅಧಿಕಾರಿಯ ಮುಂದೆ ಆಕ್ಷೇಪಣೆ ಸಲ್ಲಿಸಬಹುದು, ಅಲ್ಲಿ ಆಗದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬಹುದು. ಎರಡೂ ಕಡೆ ಕೇಳುವುದು ಈ ಕಾಗದಗಳನ್ನೇ. ಫೈಲ್ ತವರುಮನೆ ಬೀರುವಿನಲ್ಲಿದೆ, ಒಂದು ಪ್ರತಿ ಅವಳ ಹತ್ತಿರ ಇದೆ.

ಹುಡುಗನಿಗೂ ಒಂದು ದಾರಿ ಹೇಳಿದೆ. ಜಿಎಸ್‌ಟಿ ಬಾಕಿಯಲ್ಲಿ ತಾನೇ ರಿಟರ್ನ್‌ನಲ್ಲಿ ತೋರಿಸಿ ಕಟ್ಟದೆ ಉಳಿಸಿದ ತೆರಿಗೆಯನ್ನು ಬಿಟ್ಟು, ಉಳಿದದ್ದಕ್ಕೆ ಗರಿಷ್ಠ 24 ತಿಂಗಳ ಕಂತು ಕೇಳಬಹುದು. ಕಂತು ತಪ್ಪಿದರೆ ಪೂರ್ತಿ ಒಂದೇ ಸಲ ಕಟ್ಟಬೇಕಾಗುತ್ತದೆ. ಆದಾಯ ತೆರಿಗೆಯಲ್ಲೂ ಕಂತಿಗೆ ಅರ್ಜಿ ಹಾಕಬಹುದು. ಅವನು ಅರ್ಜಿ ಹಾಕಿದ, ಈಗ ಕಟ್ಟುತ್ತಿದ್ದಾನೆ. ಅಂಗಡಿ ಅವನ ಹೆಸರಿನಲ್ಲೇ ಇದೆ. ಮದುವೆ ಚೆನ್ನಾಗಿ ಆಯಿತು.

ಇಷ್ಟು ಬರೆದದ್ದಕ್ಕೆ ಕಾರಣ, ನನ್ನ ಕಣ್ಣೆದುರು ಹೆಣ್ಣುಮಕ್ಕಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಪಾಲುದಾರಿಕೆ ಪತ್ರಕ್ಕೆ ಪುಟ ತಿರುಗಿಸಿ ತಿರುಗಿಸಿ ಸಹಿ ಹಾಕುತ್ತಾರೆ. ಪಕ್ಕದಲ್ಲಿ ನಿಂತವರು 'ಇಲ್ಲೊಂದು, ಇಲ್ಲೊಂದು' ಎಂದು ತೋರಿಸುತ್ತಾರೆ. ಏನಿದೆ ಎಂದು ಅವಳೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆಮೇಲೆ ನೋಟಿಸ್ ಬರುವುದು ಗಂಡನ ಇಮೇಲ್‌ಗೆ, ಅದೂ ಇಂಗ್ಲಿಷಿನಲ್ಲಿ.

ಊರೂರಿನ ಆಡಿಟರ್‌ಗಳು, ತೆರಿಗೆ ಸಲಹೆಗಾರರು, ನೋಟರಿಗಳಲ್ಲಿ ನನ್ನ ಕೋರಿಕೆ ಇದು. ಹೆಣ್ಣುಮಗಳನ್ನು ಪಾಲುದಾರಳೋ ಡೈರೆಕ್ಟರೋ ಮಾಡುವ ಮುಂಚೆ ಅವಳೊಬ್ಬಳನ್ನೇ ಕೂರಿಸಿಕೊಂಡು, ಬಾಕಿ ಎಷ್ಟಿದೆ, ಸಹಿ ಹಾಕಿದರೆ ಅವಳ ತಲೆಗೆ ಏನು ಬರುತ್ತದೆ ಎಂದು ಕನ್ನಡದಲ್ಲಿ ಹೇಳಿ. ಹೇಳಿದ್ದೇವೆ ಎಂದು ಒಂದು ಕನ್ನಡದ ಹಾಳೆಗೂ ಅವಳ ಸಹಿ ಪಡೆದು ಒಂದು ಪ್ರತಿಯನ್ನು ಅವಳ ಕೈಗೆ ಕೊಡಿ. ವಾಣಿಜ್ಯ ತೆರಿಗೆ ಇಲಾಖೆ ಇಂಥ ಹಾಳೆಯ ಒಂದು ಮಾದರಿಯನ್ನು ಸಿದ್ಧಮಾಡಿ ತನ್ನ ಜಿಲ್ಲಾ ಕಚೇರಿಗಳಲ್ಲಿ ಇಡಲಿ.

ಇಂತಿ,
ಲೆಕ್ಕ ಬರೆಯುವ ಹೆಣ್ಣುಮಗಳು,
ದಾವಣಗೆರೆ