ವೈಕುಂಠ ಸಮಾರಾಧನೆ ಮುಗಿದ ಮೇಲೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಗೆಳತಿಯ ಗಂಡ ಆಫೀಸಿನಲ್ಲೇ ಕುಸಿದು ತೀರಿಕೊಂಡ ಸುದ್ದಿ ತಿಳಿಯಿತು. ಹೋಗಿ ಏನು ಮಾತಾಡಲಿ ಅಂತ ಕೇಳಿದ್ದೀಯ. ಮಾತು ಕಡಿಮೆ ಇರಲಿ, ಕೆಲಸ ಹಿಡಿದುಕೋ. ‘ಏನಾದರೂ ಬೇಕಿದ್ದರೆ ಹೇಳು’ ಅಂದರೆ ಅವಳು ಹೇಳುವುದಿಲ್ಲ; ಏನು ಬೇಕು ಅಂತ ಅವಳಿಗೇ ಗೊತ್ತಿರುವುದಿಲ್ಲ. ‘ನಾಳೆಯಿಂದ ಮಗೂನ ಸ್ಕೂಲಿಗೆ ಬಿಡೋದು ನಾನು’ ಅಂತ ಹೇಳಿ ಎಂಟು ಗಂಟೆಗೆ ಬಾಗಿಲಲ್ಲಿ ನಿಂತಿರು. ‘ಮಗು ಮುಖ ನೋಡಿ ಗಟ್ಟಿಯಾಗು’ ಅನ್ನುವುದಕ್ಕೆ ಊರೆಲ್ಲ ಇದೆ, ನೀನು ಬೇಡ. ಬೆಳಿಗ್ಗೆ ಕಾಫಿ ಕುಡಿದು ಹೋದರು ಅನ್ನುವುದನ್ನೇ ಅವಳು ಹತ್ತು ಸಲ ಹೇಳಿದರೂ ಕೇಳಿಸಿಕೋ.

ಬಾಗಿಲ ಹಿಂದಿನ ಮೊಳೆಗೆ ಅವನ ಅಂಗಿ ನೇತಾಡುತ್ತಿರುತ್ತದೆ. ಮನೆ ಚೊಕ್ಕ ಮಾಡುತ್ತೇನೆಂದು ಯಾರೋ ಅದನ್ನು ಮೆಷಿನ್ನಿಗೆ ಹಾಕಿಬಿಡುತ್ತಾರೆ. ಹಾಗಾಗದಂತೆ ನೋಡಿಕೋ. ಆ ಬೆವರಿನ ವಾಸನೆ ಒಮ್ಮೆ ಹೋದರೆ ಮತ್ತೆ ಸಿಗದು. ಬಳೆ, ಕುಂಕುಮದ ವಿಷಯದಲ್ಲೂ ಅಷ್ಟೆ: ಹಿರಿಯರು ಒತ್ತಾಯ ಮಾಡಿದರೆ ಅವಳ ಪಕ್ಕ ನಿಲ್ಲು, ತೀರ್ಮಾನ ಅವಳದು.

ಇನ್ನು ಕಾಗದಪತ್ರ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಜೀವ ಹೋಗಿದ್ದರೆ ಅಲ್ಲಿಯವರೇ ವಿವರ ಕಳಿಸುತ್ತಾರೆ. ಆದರೆ ಅವರು ಬರೆದುಕೊಂಡ ಹೆಸರನ್ನು ಆಧಾರ್ ಮತ್ತು ಪಾಸ್‌ಬುಕ್ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸು. ಒಂದು ಇನಿಶಿಯಲ್ ಹೆಚ್ಚುಕಮ್ಮಿಯಾದರೂ ವಿಮೆ ಅರ್ಜಿ ವಾಪಸ್ ಬರುತ್ತದೆ. ಮರಣ ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸು. ಬ್ಯಾಂಕು, ಪಿಎಫ್, ಎಲ್‌ಐಸಿ, ಮನೆ-ಜಮೀನಿನ ಖಾತೆ ಬದಲಾವಣೆ ಎಲ್ಲಕ್ಕೂ ಒಂದೊಂದು ಬೇಕು. ವಾರಸುದಾರರು ಯಾರ್ಯಾರು ಅಂತ ತೋರಿಸುವ ವಂಶವೃಕ್ಷಕ್ಕೂ ನಾಡಕಚೇರಿಯಲ್ಲಿ ಅರ್ಜಿ ಹಾಕಿಸು.

ಅವನ ಫೋನು ಮುಖ್ಯ. ನೋಡಿದರೆ ಸಂಕಟವೆಂದು ಸಿಮ್ ನಿಲ್ಲಿಸುವವರಿದ್ದಾರೆ. ಒಟಿಪಿ ಎಲ್ಲ ಅದಕ್ಕೇ ಬರುವುದು. ಒಂದು ವರ್ಷ ರೀಚಾರ್ಜ್ ಮಾಡುತ್ತಿರಲಿ. ಹಾಗಂತ ಅವನ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯುವುದು ಬೇಡ, ಆಮೇಲೆ ಉಳಿದ ವಾರಸುದಾರರು ಲೆಕ್ಕ ಕೇಳುತ್ತಾರೆ. ಮೊದಲ ತಿಂಗಳ ಖರ್ಚಿಗೆ ನೀವು ಸ್ನೇಹಿತರು ಸೇರಿ ಅವಳದೇ ಖಾತೆಗೆ ಹಾಕಿ.

ಪಿಎಫ್ ಇದ್ದರೆ ಮೂರು ಅರ್ಜಿ: ಹಣಕ್ಕೆ ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಅದರಲ್ಲಿ 7 ಲಕ್ಷದವರೆಗೆ ಬರಬಹುದು. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿಗೆ ಐದು ವರ್ಷ ದುಡಿದಿರಬೇಕು ಅನ್ನುವ ನಿಯಮ ಮರಣದ ಸಂದರ್ಭದಲ್ಲಿ ಇಲ್ಲ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನಜ್ಯೋತಿ ವಿಮೆ, 2 ಲಕ್ಷ. ಮನೆ ಸಾಲದ ಜೊತೆ ವಿಮೆ ಮಾಡಿಸಿದ್ದರೋ ಅಂತ ಸಾಲದ ಕಾಗದ ತಿರುವಿ ನೋಡು. ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಡು; ಆ ದಿನಗಳಲ್ಲಿ ಅವಳಿಗೆ ಏನೂ ನೆನಪಿರುವುದಿಲ್ಲ.

ಹದಿಮೂರು ದಿನದೊಳಗೆ ಯಾರಾದರೂ ‘ಸುಮ್ಮನೆ ಒಂದು ಸೈನ್’ ಅಂದರೆ ಹಾಕಗೊಡಬೇಡ. ಅದು ಆಸ್ತಿಯ ಪಾಲು ಬಿಟ್ಟುಕೊಟ್ಟೆ ಅನ್ನುವ ಹಕ್ಕು ಖುಲಾಸೆ ಪತ್ರವಾಗಿರಬಹುದು. ಉಯಿಲು ಇಲ್ಲದಿದ್ದರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಮಗುವಿಗೂ ಅವನ ತಾಯಿಗೂ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಆ ತಾಯಿಯೂ ಮಗನನ್ನು ಕಳೆದುಕೊಂಡವಳು, ಅವಳನ್ನು ಎದುರಾಳಿ ಮಾಡಿಕೊಳ್ಳಬೇಡಿ.

ಮಗುವಿಗೆ ‘ಅಪ್ಪ ಊರಿಗೆ ಹೋಗಿದ್ದಾರೆ’ ಅನ್ನಬೇಡಿ, ಬಾಗಿಲು ಕಾಯುತ್ತಾ ಕೂರುತ್ತದೆ. ‘ಮಲಗಿದ್ದಾರೆ’ ಅಂದರೆ ನಿದ್ದೆಗೇ ಹೆದರುತ್ತದೆ. ಸತ್ತುಹೋದರು, ಇನ್ನು ಬರುವುದಿಲ್ಲ ಅಂತಲೇ ಹೇಳಬೇಕು.

ವೈಕುಂಠ ಸಮಾರಾಧನೆಯ ಮರುದಿನ ಚಾಪೆ ಮಡಿಸಿ ಎಲ್ಲರೂ ಬಸ್ಸು ಹತ್ತುತ್ತಾರೆ. ನೀನು ಹೋಗಬೇಕಾದ್ದು ಆವಾಗ, ವಾರಕ್ಕೆರಡು ಸಲ. ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಸಾಯುವ ಮಾತಾಡಿದರೆ ಒಬ್ಬಳನ್ನೇ ಬಿಡಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಆಗಲೇ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.

ಸಾರು, ಮೊಸರನ್ನ ಒಬ್ಬರಿಗಾಗುವಷ್ಟು ಚಿಕ್ಕ ಡಬ್ಬಿಗಳಲ್ಲಿ ಒಯ್ಯಿ. ದೊಡ್ಡ ಪಾತ್ರೆ ತುಂಬ ತಂದದ್ದು ಹಳಸಿಹೋಗುತ್ತದೆ. ಹಳೇ ಡಬ್ಬಿಯೇ ಇರಲಿ, ವಾಪಸ್ ಕೇಳಬೇಡ.

ಇಂತಿ,
ದೊಡ್ಡಮ್ಮ